ಕುರಿಗಾಹಿಗಳನ್ನು ತಡೆಯುವ ಮೊದಲು ಕೆರೆಯಂಗಳ ತೋರಿಸಿ

ಮಾನ್ಯ ಸಂಪಾದಕರೇ,

‘ಕುರಿ ಹಿಂಡುಗಳ ಹಾವಳಿ ತಪ್ಪಿಸಿ’ ಎಂದು ಶಿರಸಿ ತಾಲ್ಲೂಕಿನ ಪೂರ್ವ ಭಾಗದ ರೈತರೊಬ್ಬರು ಬರೆದ ಪತ್ರವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಹೊರಜಿಲ್ಲೆಯ ಕುರಿಗಾಹಿಗಳು ತಾಲ್ಲೂಕಿನ ಗಡಿಯೊಳಗೆ ಕಾಲಿಡದಂತೆ ನೋಡಿಕೊಳ್ಳಬೇಕು, ಬಂದವರಿಗೆ ದಂಡ ಹಾಕಬೇಕು ಎಂಬುದು ಅವರ ಬೇಡಿಕೆ. ಅವರ ಎಳೆಯ ಅಡಿಕೆ ಸಸಿಗಳನ್ನು ಕುರಿಗಳು ಮೇದವಂತೆ. ಮೇದಿರಬಹುದು. ನಷ್ಟವಾದವರಿಗೆ ಸಿಟ್ಟು ಬರುವುದು ಸಹಜ, ಪರಿಹಾರ ಕೇಳುವುದೂ ನ್ಯಾಯವೇ. ಆದರೆ ಪತ್ರದ ಕೊನೆಯಲ್ಲಿ ‘ಇವರೂ ಕಾಲಕ್ಕೆ ತಕ್ಕಂತೆ ಬದಲಾಗಲಿ’ ಎಂದು ಒಂದು ಬುದ್ಧಿಮಾತು ಇತ್ತು. ಅದನ್ನು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನಾನು ಬನವಾಸಿ ಹೋಬಳಿಯ ರೈತ ಮಹಿಳೆ. ಹುಟ್ಟಿದ್ದು ಕುಮಟಾ ಹತ್ತಿರದ ಹಳ್ಳಿಯಲ್ಲಿ. ಘಟ್ಟದ ಕೆಳಗೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಸುರಿಯುವ ಮಳೆಯಲ್ಲಿ ಕುರಿ ಸಾಕುವವರಿಲ್ಲ. ನಮ್ಮ ತೆಂಗಿನ ಬುಡಕ್ಕೆ ಬೀಳುತ್ತಿದ್ದದ್ದು ಮೀನಿನ ಗೊಬ್ಬರ, ದರಕು (ಒಣಗಿದ ಎಲೆ) ಮತ್ತು ಕೊಟ್ಟಿಗೆಯ ಸಗಣಿ. ಕುರಿ ಹಿಂಡು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಮದುವೆಯಾಗಿ ಘಟ್ಟ ಹತ್ತಿ ಇಲ್ಲಿಗೆ ಬಂದ ಮೇಲೆಯೇ. ಆದ್ದರಿಂದ ಕುರಿಗಳ ಮೇಲೆ ನನಗೆ ಬಾಲ್ಯದ ಮಮತೆ ಏನೂ ಇಲ್ಲ. ಅವುಗಳ ವಾಸನೆಗೆ ಒಗ್ಗಿಕೊಳ್ಳಲು ಕಷ್ಟಪಟ್ಟವಳು ನಾನು. ಹೀಗಾಗಿ ಇದನ್ನು ಭಾವುಕತೆಯ ಪತ್ರ ಎಂದು ಯಾರೂ ಪಕ್ಕಕ್ಕಿಡಬಾರದು ಎಂದು ಮೊದಲೇ ಹೇಳುತ್ತಿದ್ದೇನೆ.

ನಮ್ಮ ಭಾಗ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಶಿರಸಿಯಿಂದ ಬನವಾಸಿಯ ಕಡೆ ಇಳಿಯುತ್ತಾ ಬಂದಂತೆ ಕಾಡು ತೆಳುವಾಗಿ ಗದ್ದೆ ಬಯಲು ತೆರೆದುಕೊಳ್ಳುತ್ತದೆ. ಒಂದು ಬದಿಗೆ ಸೊರಬ, ಇನ್ನೊಂದು ಬದಿಗೆ ಹಾನಗಲ್. ಮುಂಡಗೋಡ, ಹಳಿಯಾಳದ ಹಾಗೆ ಇಲ್ಲಿಯೂ ಕೂರಿಗೆಯಲ್ಲಿ ಭತ್ತ ಬಿತ್ತುವ ಪದ್ಧತಿ. ಮಳೆಗಾಲದ ಮುಂಚೆ ಬಿತ್ತಿ, ದೀಪಾವಳಿ ಕಳೆದ ಮೇಲೆ ಕೊಯ್ದು, ಒಕ್ಕಣೆ ಮುಗಿಯುವ ಹೊತ್ತಿಗೆ ಗದ್ದೆಯಲ್ಲಿ ಕೊಯ್ದುಳಿದ ಕೂಳೆ, ಬದುವಿನಲ್ಲಿ ಹುಲ್ಲು, ಕೆರೆಯಲ್ಲಿ ಇನ್ನೂ ನೀರು. ಹಾವೇರಿ, ಧಾರವಾಡ, ಗದಗದ ಕಡೆ ಅಷ್ಟರಲ್ಲಿ ನೆಲ ಒಣಗಲು ತೊಡಗಿರುತ್ತದೆ. ಮಳೆ ಸುರಿಯುವಾಗ ಕುರಿಗೆ ಮಲೆನಾಡು ಆಗದು, ಬೇಸಿಗೆಯಲ್ಲಿ ಬಯಲುಸೀಮೆಯಲ್ಲಿ ಹೊಟ್ಟೆ ತುಂಬದು. ಈ ಎರಡರ ನಡುವೆ ಹಿಂಡು ಹೊಡೆದುಕೊಂಡು ತಿರುಗುವ ಬದುಕು ಹಾಲುಮತದವರದು, ಎಂದರೆ ಕುರುಬರದು. ನಮ್ಮ ಮಾವನವರ ಕಾಲದಲ್ಲಿ ಇಂಥ ಗದ್ದೆಗೆ ಇಂಥ ಊರಿನವರೇ ಎಂಬಷ್ಟು ಗಟ್ಟಿಯಾದ ನಂಟಿತ್ತು. ಕೊಯ್ಲು ಯಾವಾಗ ಎಂದು ಕೇಳಲು ಕಂಬಳಿ ಹೊದ್ದ ಒಬ್ಬರು ಮೊದಲು ಬಂದು ಜಗುಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಹಿಂಡು ಆಮೇಲೆ ಬರುತ್ತಿತ್ತು.

ಕುರಿ ನಿಲ್ಲಿಸುವುದೆಂದರೆ ಏನೆಂದು ಈಗಿನ ಹುಡುಗರಿಗೆ ತಿಳಿದಿಲ್ಲದಿರಬಹುದು. ಹಗಲೆಲ್ಲ ಮೇದ ಹಿಂಡನ್ನು ರಾತ್ರಿ ನಮ್ಮ ಗದ್ದೆಯ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಕೂಡಿ ಹಾಕುತ್ತಾರೆ. ಬೆಳಗ್ಗೆ ಎದ್ದಾಗ ಅಲ್ಲಿ ನೆಲವೇ ಕಾಣದಷ್ಟು ಹಿಕ್ಕೆ ಬಿದ್ದಿರುತ್ತದೆ, ಮೂತ್ರಕ್ಕೆ ಮಣ್ಣು ಕಪ್ಪಾಗಿರುತ್ತದೆ. ಮರುದಿನ ಅದರ ಪಕ್ಕದ ಜಾಗ, ಅದರ ಮರುದಿನ ಅದರಾಚೆ. ಹೀಗೆ ಸರಿಯುತ್ತಾ ಇಡೀ ಗದ್ದೆಗೆ ಗೊಬ್ಬರ ಬೀಳಬೇಕು. ನಮ್ಮ ಮಾವನವರು ನಸುಕಿನಲ್ಲಿ ಬದುವಿನ ಮೇಲೆ ನಿಂತು, ನಿನ್ನೆಯ ಜಾಗಕ್ಕೂ ಇಂದಿನ ಜಾಗಕ್ಕೂ ನಡುವೆ ಎರಡು ಹೆಜ್ಜೆ ಖಾಲಿ ಬಿಟ್ಟಿದ್ದಾರೆ ಎಂದು ತಕರಾರು ತೆಗೆಯುತ್ತಿದ್ದರು. ಕುರಿಗಾಹಿ ಅಜ್ಜ ನಗುತ್ತಾ ‘ಗೌಡರೇ, ಕುರಿಗೆ ನಿಮ್ಮ ಹಾಗೆ ಸರ್ವೆ ಮಾಡಲು ಬರುವುದಿಲ್ಲ’ ಎನ್ನುತ್ತಿದ್ದರು. ಅವರಿಗೆ ರಾತ್ರಿಯ ಲೆಕ್ಕದಲ್ಲಿ ಭತ್ತ, ಜೊತೆಗೆ ಎರಡು ಹೊತ್ತಿನ ಊಟ. ಕುರಿಗಳು ಎದ್ದ ಜಾಗವನ್ನು ತಡಮಾಡದೆ ಉಳಬೇಕು; ಬಿಸಿಲಿಗೆ ಬಿಟ್ಟರೆ ಮೂತ್ರದ ಸಾರಜನಕ ಆವಿಯಾಗಿ ಹೋಗುತ್ತದೆ. ಹಿಕ್ಕೆ ಮಾತ್ರ ಕೂಡಲೇ ಕರಗದು, ಒಂದು ಸಲ ಬಿದ್ದದ್ದು ಮುಂದಿನ ವರ್ಷದ ಪೈರಿಗೂ ಉಣಿಸುತ್ತದೆ.

ಇನ್ನೊಂದು ವಿಷಯ. ‘ಹತ್ತು ಗಂಟೆಯಾದರೂ ಕುರಿ ಬಿಡದೆ ಬಿದ್ದುಕೊಂಡಿರುತ್ತಾರೆ, ಸೋಮಾರಿಗಳು’ ಎಂದು ನಮ್ಮೂರಿನ ಅಂಗಡಿ ಕಟ್ಟೆಯಲ್ಲಿ ಕುಳಿತವರು ಆಡಿಕೊಳ್ಳುವುದನ್ನು ಬಹಳ ಸಲ ಕೇಳಿದ್ದೇನೆ. ಕಟ್ಟೆಯ ಮೇಲೆ ಕುಳಿತವರು ಹೇಳುವ ಮಾತು ಅದು! ಬನವಾಸಿ ಬಯಲಿನಲ್ಲಿ ಚಳಿಗಾಲದ ಇಬ್ಬನಿ ಎಷ್ಟೆಂದು ಇಲ್ಲಿನವರಿಗೆ ಗೊತ್ತು. ಒದ್ದೆ ಹುಲ್ಲಿನ ತುದಿಗೆ ಜಂತುಹುಳುವಿನ ಮರಿಗಳು ಹತ್ತಿ ಕುಳಿತಿರುತ್ತವೆ. ಇಬ್ಬನಿ ಆರುವ ಮೊದಲು ಮೇಯಿಸಿದರೆ ಕುರಿಯ ಹೊಟ್ಟೆಗೆ ಅವೂ ಹೋಗುತ್ತವೆ. ಕೆರೆಯಂಚಿನ ಬಸವನಹುಳುವಿನ ಮೂಲಕ ಬರುವ ಚಪ್ಪಟೆ ಹುಳು ಪಿತ್ತಜನಕಾಂಗವನ್ನೇ ತಿಂದುಹಾಕುತ್ತದೆ. ಪಶುವೈದ್ಯರು ಪುಸ್ತಕ ಓದಿ ಹೇಳುವ ಈ ಮಾತನ್ನು ಶಾಲೆಯ ಮೆಟ್ಟಿಲು ಹತ್ತದ ಈ ಜನ ಕಾಲಾಂತರದಿಂದ ಪಾಲಿಸುತ್ತಾ ಬಂದಿದ್ದಾರೆ.

ಈಗ ಬದಲಾವಣೆಯ ಮಾತಿಗೆ ಬರುತ್ತೇನೆ. ಬದಲಾದದ್ದು ಮೊದಲು ನಮ್ಮ ನೆಲ. ನಾನು ಸೊಸೆಯಾಗಿ ಬಂದಾಗ ನಮ್ಮ ಮನೆಯ ಹಿತ್ತಲಿನಿಂದ ಕೆರೆಯ ಏರಿಯವರೆಗೆ ಒಂದೇ ಗದ್ದೆ ಬಯಲು. ಇಂದು ಅದೇ ದಾರಿಯಲ್ಲಿ ಮೊದಲು ಅಡಿಕೆ, ಆಮೇಲೆ ಶುಂಠಿ ಬೆಳೆದು ಬಿಟ್ಟ ಮಡಿ, ಅದರಾಚೆ ಅನಾನಸ್, ಮತ್ತೆ ಅಡಿಕೆ, ನಡುವೆ ಗೋವಿನಜೋಳ. ಭತ್ತದ ಗದ್ದೆ ಹರಿದ ಬಟ್ಟೆಯ ತೇಪೆಯಂತೆ ಅಲ್ಲೊಂದು ಇಲ್ಲೊಂದು. ಇದಕ್ಕೆ ಯಾರನ್ನೂ ಬೈಯುವಂತಿಲ್ಲ. ಭತ್ತಕ್ಕೆ ಸಿಗುವ ಬೆಲೆಯಲ್ಲಿ ಕೂಲಿಯೂ ಹುಟ್ಟುವುದಿಲ್ಲ, ಅಡಿಕೆಗೆ ಬೆಲೆ ಇದೆ. ಸ್ವತಃ ನಾವೂ ಮೇಲಿನ ಗದ್ದೆಗೆ ಅಡಿಕೆ ಇಟ್ಟಿದ್ದೇವೆ. ಆದರೆ ಕುರಿಗಾಹಿಯ ಕಣ್ಣಿನಿಂದ ಇದನ್ನೊಮ್ಮೆ ನೋಡಬೇಕು. ಭತ್ತವಾದರೆ ಕೊಯ್ಲಾದ ಮೇಲೆ ನೆಲ ಎಲ್ಲರಿಗೂ ತೆರೆದುಕೊಳ್ಳುತ್ತಿತ್ತು. ಅಡಿಕೆ ತೋಟಕ್ಕೆ ವರ್ಷವಿಡೀ ಬೇಲಿ, ಬುಡದಲ್ಲಿ ಹನಿ ನೀರಾವರಿಯ ಪೈಪು. ಅನಾನಸ್ ಒಮ್ಮೆ ನೆಟ್ಟರೆ ಮೂರು ನಾಲ್ಕು ವರ್ಷ ಜಾಗ ಬಿಡದು. ಶುಂಠಿಯ ನೆಲವನ್ನು ಗುತ್ತಿಗೆಗೆ ಪಡೆದವರು ಬೇರೆ, ಮಾಲೀಕರು ಬೇರೆ. ಯಾರನ್ನು ಕೇಳಬೇಕೆಂದೇ ತಿಳಿಯದು. ಎಲ್ಲಿ ಕಳೆನಾಶಕ ಹೊಡೆದಿದ್ದಾರೆ, ಎಲ್ಲಿ ಹೊಡೆದಿಲ್ಲ ಎಂಬುದು ಹುಲ್ಲು ಹಳದಿಯಾಗುವವರೆಗೆ ಕಣ್ಣಿಗೆ ಕಾಣದು. ಉಳಿದ ಭತ್ತದ ಗದ್ದೆಗೂ ಕಟಾವು ಯಂತ್ರ ಬಂದಿದೆ. ಹಿಂದೆಯೇ ಹುಲ್ಲನ್ನು ಉಂಡೆ ಕಟ್ಟುವ ಯಂತ್ರ ಬಂದು ಎಲ್ಲವನ್ನೂ ಬಾಚಿಕೊಂಡು ಹೋಗುತ್ತದೆ.

ಇಂಥ ನೆಲದಲ್ಲಿ ಆ ಜನ ಹೇಗೆ ದಾರಿ ಮಾಡಿಕೊಂಡಿದ್ದಾರೆ ಎಂದು ನೋಡಿದರೆ, ‘ಬದಲಾಗಲಿ’ ಎನ್ನುವ ಬಾಯಿ ತಾನೇ ಮುಚ್ಚಿಕೊಳ್ಳಬೇಕು.

ಈಗ ಮುಂಚಿತವಾಗಿ ಜಗುಲಿಗೆ ಬಂದು ಕೂರುವವರಿಲ್ಲ, ಮೊಬೈಲ್ ಕರೆ ಬರುತ್ತದೆ. ‘ಅಕ್ಕ, ಈ ಸಲ ಕೆಳಗಿನ ಗದ್ದೆಗೆ ಭತ್ತವೇ ಅಥವಾ ಅದೂ ಅಡಿಕೆ ಆಯಿತೇ?’ ಎಂದು ಆ ಕುರಿಗಾಹಿ ಅಜ್ಜನ ಮಗ ಅಕ್ಟೋಬರಿನಲ್ಲಿಯೇ ಕೇಳುತ್ತಾನೆ. ಮಧ್ಯಾಹ್ನ ಮೋಟಾರ್ ಬೈಕಿನಲ್ಲಿ ಇಬ್ಬರು ಬಂದು ಯಾವ ಹಾದಿಗೆ ಬೇಲಿ ಬಿದ್ದಿದೆ, ಎಲ್ಲಿ ಹಳ್ಳಕ್ಕೆ ಇಳಿಯಲು ಜಾಗ ಉಳಿದಿದೆ ಎಂದು ನೋಡಿಕೊಂಡು ಹೋಗುತ್ತಾರೆ. ಕುದುರೆ, ಕತ್ತೆಗಳ ಬೆನ್ನ ಮೇಲಿದ್ದ ಸಂಸಾರ ಈಗ ಪಿಕಪ್ ವಾಹನದಲ್ಲಿ. ಮೂರು ದಿನದ ಮರಿಗಳು, ಹಿಟ್ಟಿನ ಚೀಲ, ಗ್ಯಾಸ್ ಒಲೆ, ಬಲೆಯ ಕಟ್ಟು, ಸೌರದೀಪ ಎಲ್ಲ ಅದರಲ್ಲಿ. ರಸ್ತೆಯಲ್ಲಿ ವಾಹನಗಳ ದಟ್ಟಣೆ ಹೆಚ್ಚಿದ ಕಡೆ ಹಿಂಡನ್ನೇ ಲಾರಿಗೆ ಹತ್ತಿಸಿ ಇಳಿಸುವವರೂ ಇದ್ದಾರೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವ ವರ್ಷ ಶಿರಸಿ ರಸ್ತೆಯನ್ನೇ ಬಿಟ್ಟು ಬಳಸುದಾರಿ ಹಿಡಿಯುತ್ತಾರೆ. ದೊಡ್ಡ ಹಿಂಡಿಗೆ ಒಂದೇ ಕಡೆ ಮೇವು ಸಿಗುವುದಿಲ್ಲವೆಂದು ಅದನ್ನು ಒಡೆದು ಸಣ್ಣ ಸಣ್ಣ ಹಿಂಡು ಮಾಡಿಕೊಂಡಿದ್ದಾರೆ. ಹುಲ್ಲು ಕಡಿಮೆ, ಬೇಲಿಯ ಸೊಪ್ಪು ಹೆಚ್ಚು ಎಂದು ಆಡುಗಳನ್ನು ಸೇರಿಸಿಕೊಂಡಿದ್ದಾರೆ. ಆಡು ಸೇರಿದ್ದರಿಂದ ಚಹಾಕ್ಕೆ ಹಾಲೂ ಆಯಿತು, ಅರಣ್ಯ ಸಿಬ್ಬಂದಿಯ ಜೊತೆ ಜಗಳವೂ ಹೆಚ್ಚಾಯಿತು.

ಗೋವಿನಜೋಳದ ಹೊಲದಲ್ಲಿ ಅವರು ಕುರಿ ಬಿಡುವುದನ್ನು ಕಳೆದ ವರ್ಷ ನಮ್ಮ ನೆರೆಯವರ ಹೊಲದಲ್ಲಿ ನಿಂತು ನೋಡಿದೆ. ಯಂತ್ರದಿಂದ ಕೊಯ್ದ ಹೊಲದಲ್ಲಿ ಕಾಳು, ಮುರಿದ ತೆನೆ ಚೆಲ್ಲಿರುತ್ತದೆ. ಹಸಿದ ಕುರಿಯನ್ನು ನೇರವಾಗಿ ಬಿಟ್ಟರೆ ಅದು ಕಾಳನ್ನೇ ಹುಡುಕಿ ಮುಕ್ಕುತ್ತದೆ. ಹೊಟ್ಟೆಯಲ್ಲಿ ಕಾಳು ಹುಳಿತು ಆಮ್ಲವಾಗಿ, ಸಂಜೆಯೊಳಗೆ ಕಾಲು ಚಾಚಿ ಮಲಗುತ್ತದೆ. ಮತ್ತೆ ಏಳುವುದು ಅನುಮಾನ. ಅದಕ್ಕೇ ಅವರು ಮೊದಲು ಹಿಂಡನ್ನು ಹಳ್ಳದ ದಂಡೆಯ ಒಣಹುಲ್ಲಿನಲ್ಲಿ ಹೊಟ್ಟೆ ತುಂಬುವಷ್ಟು ಮೇಯಿಸಿದರು. ಅಷ್ಟರಲ್ಲಿ ಹೆಂಗಸರಿಬ್ಬರು ಸೆರಗು ಕಟ್ಟಿ, ಬುಟ್ಟಿ ಹಿಡಿದು, ಹೊಲದ ಒಂದು ಪಟ್ಟಿಯಲ್ಲಿ ಬಿದ್ದ ತೆನೆಗಳನ್ನು ಆರಿಸಿ ಮಾಲೀಕರ ಚೀಲಕ್ಕೆ ಹಾಕಿದರು. ಆಮೇಲೆ ಆ ಪಟ್ಟಿಗೆ ಮಾತ್ರ ಕುರಿ. ಮುಂದೆ ಒಬ್ಬ ಕೋಲು ಅಡ್ಡ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದ, ಎರಡು ಬದಿಗೆ ಇಬ್ಬರು. ಸ್ವಲ್ಪ ಹೊತ್ತಿಗೆ ಶಿಳ್ಳೆ ಹಾಕಿ ಹಿಂಡನ್ನು ಹೊರಗೆ ತಂದರು. ಒಂದು ಟಗರು ಮಾತ್ರ ತಲೆ ಎತ್ತದೆ ಕಾಳಿಗೆ ಬಾಯಿ ಹಾಕಿಯೇ ನಿಂತಿತ್ತು. ಹುಡುಗಿಯೊಬ್ಬಳು ಓಡಿಹೋಗಿ ಅದರ ಹಿಂಗಾಲು ಹಿಡಿದು ಎಳೆದು, ದವಡೆಯೊಳಗೆ ಬೆರಳು ತೂರಿಸಿ ಕಾಳು ಉಗುಳಿಸಿದಳು. ಬಯ್ಗುಳಗಳಂತೂ ಇಲ್ಲಿ ಬರೆಯುವಂಥವಲ್ಲ. ಗೋವಿನಜೋಳ ಈ ಪ್ರಮಾಣದಲ್ಲಿ ಇಲ್ಲಿಗೆ ಬಂದದ್ದು ನಮ್ಮ ಕಣ್ಣ ಮುಂದೆಯೇ. ಅದರ ಜೊತೆ ಕುರಿ ಬದುಕಿಸುವುದು ಹೇಗೆಂದು ಅವರಿಗೆ ಅಜ್ಜ ಮುತ್ತಜ್ಜ ಹೇಳಿಕೊಟ್ಟದ್ದಲ್ಲ, ಕುರಿ ಸತ್ತು ಸತ್ತು ಕಲಿತದ್ದು.

ಕುರಿಯ ತಳಿಯೇ ಬದಲಾಗಿದೆ. ಮೊದಲು ಬರುತ್ತಿದ್ದದ್ದು ಕಪ್ಪು ಉಣ್ಣೆಯ ದಖನಿ ಕುರಿ. ದೂರ ನಡೆಯುವುದಕ್ಕೂ ಇಬ್ಬನಿ, ಚಳಿ ತಾಳುವುದಕ್ಕೂ ಅದೇ ಸೈ. ಆದರೆ ಒರಟು ಉಣ್ಣೆಯನ್ನು ಈಗ ಕೇಳುವವರಿಲ್ಲ. ಕತ್ತರಿಸುವವರಿಗೆ ಕೊಡುವ ಕೂಲಿಯೂ ಉಣ್ಣೆ ಮಾರಿದರೆ ಹುಟ್ಟುವುದಿಲ್ಲ. ಕಂಬಳಿಯ ಜಾಗಕ್ಕೆ ತಾಡಪತ್ರಿ ಮತ್ತು ಪೇಟೆಯ ರಗ್ಗು ಬಂದವು. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯ ಕಂಬಳಿ ಎಂದರೆ ಹೆಸರುವಾಸಿ, ನಮ್ಮ ಮನೆಯಲ್ಲಿ ಪೂಜೆಗೆ ಹಾಸುವುದು ಇಂದಿಗೂ ಅದೇ. ಕೊಳ್ಳುವುದು ಮಾತ್ರ ತಲೆಮಾರಿಗೆ ಒಂದು. ಅಷ್ಟರಿಂದ ಯಾರ ಹೊಟ್ಟೆ ತುಂಬೀತು? ಹೀಗಾಗಿ ಹಿಂಡಿನಲ್ಲಿ ಈಗ ಉಣ್ಣೆಯಿಲ್ಲದ, ಉದ್ದ ಕಾಲಿನ, ಬೇಗ ತೂಕ ಬರುವ ಯಳಗ ಕುರಿಗಳೇ ಹೆಚ್ಚು. ಪೇಟೆ ಕೇಳುವುದು ಮಾಂಸವನ್ನು, ಅವರು ಅದನ್ನೇ ಕೊಡುತ್ತಿದ್ದಾರೆ. ನಾವು ಭತ್ತ ಬಿಟ್ಟು ಅಡಿಕೆ ಹಿಡಿದಂತೆಯೇ ಅವರೂ ಉಣ್ಣೆ ಬಿಟ್ಟು ಮಾಂಸ ಹಿಡಿದರು. ನಾವು ಮಾಡಿದರೆ ಪ್ರಗತಿಪರ ಕೃಷಿ, ಅವರು ಮಾಡಿದ್ದಕ್ಕೆ ಯಾವ ಹೆಸರೂ ಇಲ್ಲ.

ಎಲ್ಲ ಬದಲಾವಣೆಯೂ ಒಳ್ಳೆಯದಕ್ಕೇ ಆಯಿತು ಎಂದು ನಾನು ಹೇಳುವುದಿಲ್ಲ. ಹಿಂಡಿನ ಮಾಲೀಕ ಊರಿನಲ್ಲಿಯೇ ಉಳಿದು, ತಿಂಗಳ ಸಂಬಳಕ್ಕೆ ಹುಡುಗರನ್ನು ಇಟ್ಟು ಕುರಿ ಕಳುಹಿಸುವುದು ಹೆಚ್ಚಾಗಿದೆ. ಆ ಹುಡುಗರಿಗೆ ನಮ್ಮೂರ ಬದು ಯಾರದು, ಹಾದಿ ಯಾವುದು ತಿಳಿಯದು. ರಾತ್ರಿ ಮೊಬೈಲ್ ನೋಡುತ್ತಾ ನಿದ್ದೆಗೆ ಜಾರುತ್ತಾರೆ. ಪತ್ರ ಬರೆದ ರೈತರ ಸಸಿ ತಿಂದ ಕುರಿಗಳು ಬಹುಶಃ ಅಂಥ ಹಿಂಡಿನವೇ ಇರಬೇಕು. ಹೆಂಡತಿ ಮಕ್ಕಳ ಜೊತೆ ಬರುವ ಹಳೆಯ ಮನೆತನದವರು ನಾಳೆ ಮತ್ತೆ ಅದೇ ಊರಿಗೆ ಮುಖ ತೋರಿಸಬೇಕಲ್ಲ, ಅದಕ್ಕಾದರೂ ಎಚ್ಚರದಿಂದ ಇರುತ್ತಾರೆ. ನಾವು ಹಳೆಯ ನಂಟನ್ನು ಕಡಿದಷ್ಟೂ ಬರುವವರು ಅಪರಿಚಿತರಾಗುತ್ತಾರೆ. ದಂಡ ಹಾಕಿ ಓಡಿಸಿದರೆ ಆಗುವುದು ಇದೇ.

ಈಗ ಒಂದು ತಮಾಷೆ ಕೇಳಿ. ಹಿಂದೆ ಕುರಿ ನಿಲ್ಲಿಸಿದ್ದಕ್ಕೆ ನಾವು ಭತ್ತ ಕೊಡುತ್ತಿದ್ದೆವು, ಆಮೇಲೆ ಹಣ ಕೊಡುತ್ತಿದ್ದೆವು. ಈಗ ನಮ್ಮ ಸುತ್ತಮುತ್ತ ಕೆಲವರು ಕೂಳೆ ಮೇಯಿಸುವುದಕ್ಕೆ ಕುರಿಗಾಹಿಗಳಿಂದಲೇ ಹಣ ಕೇಳುತ್ತಾರೆ. ಗೊಬ್ಬರವೂ ಇವರಿಗೆ, ಹಣವೂ ಇವರಿಗೆ! ಅಷ್ಟೇ ಆಗಿದ್ದರೆ ವ್ಯಾಪಾರ ಎನ್ನಬಹುದಿತ್ತು. ಜನವರಿಯಲ್ಲಿ ‘ಕುರಿ ಬೇಡ’ ಎಂದು ಬೇಲಿಗೆ ಅಡ್ಡ ನಿಂತವರೇ ಏಪ್ರಿಲ್, ಮೇ ತಿಂಗಳಲ್ಲಿ ಅಡಿಕೆ ತೋಟಕ್ಕೆಂದು ಬಯಲುಸೀಮೆಯಿಂದ ಲಾರಿ ಲೋಡಿನಲ್ಲಿ ಕುರಿಗೊಬ್ಬರ ತರಿಸುತ್ತಾರೆ. ಅರ್ಧಕ್ಕರ್ಧ ಮಣ್ಣು ಬೆರೆತ, ಬಿಸಿಲಿಗೆ ಒಣಗಿ ಸತ್ವ ಹೋದ ಗೊಬ್ಬರ. ಅದನ್ನು ಇಳಿಸಲು ಕೂಲಿ, ಹರಡಲು ಮತ್ತೆ ಕೂಲಿ. ತನ್ನ ಕಾಲಿನ ಮೇಲೆ ನಡೆದು ಬಂದು, ತಾನೇ ಹರಡಿ, ತಾನೇ ತುಳಿದು ಹೋಗುವ ಗೊಬ್ಬರವನ್ನು ತಡೆದು, ಡೀಸೆಲ್ ಸುಟ್ಟು ತರಿಸುವ ಬುದ್ಧಿವಂತಿಕೆ ನಮ್ಮದು. ಎಳೆಯ ತೋಟಕ್ಕೆ ಕುರಿ ಬಿಡಲಾಗದು, ನಿಜ. ಆದರೆ ತೋಟದ ಪಕ್ಕದ ಪಾಳು ಗದ್ದೆಯಲ್ಲಿ ನಾಲ್ಕು ರಾತ್ರಿ ಹಿಂಡು ನಿಲ್ಲಿಸಿ, ಬೆಳಗ್ಗೆ ಹಿಕ್ಕೆ ಗುಡಿಸಿ ಚೀಲ ತುಂಬಿಕೊಳ್ಳಬಹುದು. ನಾವು ಮೇಲಿನ ತೋಟಕ್ಕೆ ಹಾಗೆಯೇ ಮಾಡುತ್ತಿದ್ದೇವೆ. ಈ ಏರ್ಪಾಡನ್ನು ಸೂಚಿಸಿದ್ದು ಕೃಷಿ ಇಲಾಖೆಯವರಲ್ಲ, ಅಜ್ಜನ ಸೊಸೆ.

ಇದು ಬರೀ ಹೊರಗಿನಿಂದ ಬರುವವರ ಕಥೆಯೂ ಅಲ್ಲ. ಯಲ್ಲಾಪುರ, ಮುಂಡಗೋಡ, ಹಳಿಯಾಳದ ಕಾಡಿನ ಗೌಳಿ ದಡ್ಡಿಗಳನ್ನು, ಎಂದರೆ ಎಮ್ಮೆ ಸಾಕುವ ಗೌಳಿಗರ ವಸತಿಗಳನ್ನು ನೋಡಿ. ಮಹಾರಾಷ್ಟ್ರದ ಕಡೆಯಿಂದ ಸಹ್ಯಾದ್ರಿಯ ಗುಂಟ ಎಮ್ಮೆ ಹೊಡೆದುಕೊಂಡು ಬಂದ ಗೌಳಿಗರು ಮೇವು ಹುಡುಕುತ್ತಾ ಜಾಗ ಬದಲಿಸುತ್ತಿದ್ದವರು. ಅವರ ದಾರಿಗೆ ಅಣೆಕಟ್ಟು ಬಂತು, ಸಾಗವಾನಿ ಮತ್ತು ಅಕೇಶಿಯಾ ನೆಡುತೋಪು ಬಂತು, ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಕೇಶಿಯಾದ ಅಡಿಯಲ್ಲಿ ಎಮ್ಮೆಗೆ ಮೇಯಲು ಏನಿದೆ? ಅವರು ನಿಂತಲ್ಲೇ ನೆಲೆಯೂರಿ, ಹಾಲನ್ನು ಡೇರಿಗೂ ಸಗಣಿಯನ್ನು ಅಡಿಕೆ ಬೆಳೆಗಾರರಿಗೂ ಮಾರುತ್ತಾ, ತೋಟದ ಕೂಲಿಗೂ ಹೋಗುತ್ತಾ ಬದುಕುತ್ತಿದ್ದಾರೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಅವರ ಕೂಗು ಹಳೆಯದು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರಿನ, ಎಂದರೆ 75 ವರ್ಷಗಳ ನೆಲೆಗೆ ಸಾಕ್ಷ್ಯ ತೋರಿಸಬೇಕು. ಜಾಗ ಬದಲಿಸುತ್ತಲೇ ಬದುಕಿದವರು ಒಂದೇ ಜಾಗದ ಕಾಗದ ಎಲ್ಲಿಂದ ತರಬೇಕು? ಇದು ಬೇರೆಯೇ ಪತ್ರದ ವಿಷಯ, ಇಲ್ಲಿಗೆ ಬಿಡುತ್ತೇನೆ.

ಕಾಯ್ದೆ ಎಂದರೆ ಕುರಿಗಾಹಿಗಳ ವಿರುದ್ಧವೇ ಇದೆ ಎಂದು ನಮ್ಮ ಕಡೆ ಅನೇಕರು ತಿಳಿದಿದ್ದಾರೆ. ಅದೇ 2006ರ ಅರಣ್ಯ ಹಕ್ಕು ಕಾಯ್ದೆಯ 3ನೇ ಕಲಂ, ನೆಲೆನಿಂತವರ ಜೊತೆಗೆ ವಲಸೆ ಹೋಗುವವರ ಮೇಯಿಸುವ ಹಕ್ಕನ್ನೂ ಸಮುದಾಯದ ಹಕ್ಕೆಂದು ಹೇಳುತ್ತದೆ. ಅಲೆಮಾರಿ ಪಶುಪಾಲಕರು ಋತುಮಾನಕ್ಕೆ ತಕ್ಕಂತೆ ಬಂದು ಹೋಗುವುದನ್ನೂ ಹೆಸರಿಸುತ್ತದೆ. 2025ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲವೇ ಸಾಂಪ್ರದಾಯಿಕ ವಲಸೆ ಕುರಿಗಾಹಿಗಳ ಕಲ್ಯಾಣಕ್ಕೆ ಮತ್ತು ಅವರ ಮೇಲಿನ ದೌರ್ಜನ್ಯ ತಡೆಗೆ ಮಸೂದೆ ಅಂಗೀಕರಿಸಿತು. 21ನೇ ಜಾನುವಾರು ಗಣತಿಯಲ್ಲಿ ಮೊದಲ ಬಾರಿಗೆ ಅಲೆಮಾರಿ ಪಶುಪಾಲಕರ ಹಿಂಡುಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಲು ಹೊರಟರು. ವಿಶ್ವಸಂಸ್ಥೆಯಂತೂ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ. ಭಾಷಣಕ್ಕೆ ಇಷ್ಟು ಸಾಕು. ನಮ್ಮೂರ ಕೆರೆಯ ದಂಡೆಯಲ್ಲಿ ಇದರಿಂದ ಏನು ಬದಲಾಯಿತು ಎಂಬುದು ನನ್ನ ಪ್ರಶ್ನೆ.

ಗೋಮಾಳದ ವಿಷಯಕ್ಕೆ ಬಂದರೆ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ಊರಿನ ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ ಮೇವಿನ ಜಾಗ ಕಾದಿರಿಸಬೇಕು. ಊರಿನಲ್ಲಿ ದನಗಳೇ ಕಡಿಮೆಯಾದವು, ಇಷ್ಟು ಗೋಮಾಳ ಏಕೆ ಎಂಬ ವಾದ ಈಗ ಶುರುವಾಗಿದೆ. ಈ ಲೆಕ್ಕದಲ್ಲಿ ಎರಡು ತಿಂಗಳಿಗೆ ಬಂದು ಹೋಗುವ ಕುರಿ ಇಲ್ಲವೇ ಇಲ್ಲ. ನಮ್ಮ ಊರಿನಲ್ಲಿ ಗೋಮಾಳದ ಒಂದಷ್ಟು ಭಾಗ ಈಗಾಗಲೇ ತೋಟವಾಗಿದೆ. ಯಾರದೆಂದು ಎಲ್ಲರಿಗೂ ಗೊತ್ತು, ಹಾಗಾಗಿ ಯಾರೂ ಹೇಳುವುದಿಲ್ಲ. ಉಳಿದಿರುವುದು ಕೆರೆಯಂಗಳ. ಬೇಸಿಗೆಗೆ ನೀರು ಇಳಿದಾಗ ಅಲ್ಲಿ ಹಸಿರು ಹುಲ್ಲು ಏಳುತ್ತದೆ. ಅದಕ್ಕೂ ಈಗ ತಂತಿ ಬೇಲಿ ಹಾಕುವ ಮಾತು ಕೇಳಿಬರುತ್ತಿದೆ. ಹೋದ ವರ್ಷ ಹಿಂಡು ನೀರಿಗೆ ಇಳಿಯುವ ಓಣಿಗೆ ಯಾರೋ ಮುಳ್ಳು ಬಡಿದಿದ್ದರು. ಅಜ್ಜನ ಮಗ ಕೊಡದಲ್ಲಿ ನೀರು ಹೊತ್ತು ತಂದು ಮರಿ ಹಾಕಿದ ಕುರಿಗಳಿಗೆ ಕುಡಿಸುವುದನ್ನು ನಾವೆಲ್ಲ ನೋಡುತ್ತಾ ನಿಂತೆವು.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಇವರಿಗೆ ಜಮೀನು ಕೊಡಿ ಎನ್ನುತ್ತಿಲ್ಲ, ಅಡಿಕೆ ಕಿತ್ತು ಭತ್ತ ಹಾಕಿ ಎಂದೂ ಅಲ್ಲ. ಭತ್ತದ ಕೊಯ್ಲು ಶುರುವಾಗುವ ಮೊದಲು ಗ್ರಾಮ ಪಂಚಾಯಿತಿ ಒಂದು ಸಭೆ ಕರೆಯಲಿ. ಯಾರ ಗದ್ದೆ ತೆರೆದಿದೆ, ಯಾರಿಗೆ ಕುರಿ ಬೇಕು, ಯಾರಿಗೆ ಬೇಡ ಎಂದು ಬರೆದುಕೊಳ್ಳಲಿ. ಹಳೆಯ ಗಾಡಿದಾರಿಗಳಲ್ಲಿ ಒಂದನ್ನಾದರೂ ಹಿಂಡು ಹೋಗುವಷ್ಟು ಅಗಲ ಬಿಡಿಸಲಿ. ನಕಾಶೆಯಲ್ಲಿ ದಾರಿ ಇದೆ, ನೆಲದ ಮೇಲೆ ಬೇಲಿ ಇದೆ. ಕೆರೆಯಂಗಳಕ್ಕೂ ನೀರಿಗೂ ಅಡ್ಡಿ ಮಾಡಬಾರದು ಎಂದು ಠರಾವು ಆಗಲಿ. ಬರುವ ಹಿಂಡಿನ ಮುಖ್ಯಸ್ಥನ ಹೆಸರು, ಮೊಬೈಲ್ ಸಂಖ್ಯೆ ಪಂಚಾಯಿತಿಯಲ್ಲಿ ಇದ್ದರೆ, ಸಸಿ ತಿಂದ ಮರುದಿನವೇ ಕರೆದು ನಷ್ಟ ಕಟ್ಟಿಸಬಹುದು. ಅದಕ್ಕೆ ಒಪ್ಪದವರಿಗೆ ಮುಂದಿನ ವರ್ಷ ಊರಿನಲ್ಲಿ ಜಾಗ ಇಲ್ಲ ಎಂದರೆ ಮುಗಿಯಿತು. ಇದಕ್ಕೆ ತಾಲ್ಲೂಕು ಗಡಿಯಲ್ಲಿ ಕಾವಲು ಏಕೆ ಬೇಕು?

ಪಶುವೈದ್ಯ ಇಲಾಖೆಯವರಿಗೂ ಒಂದು ಮಾತು. ಪಿಪಿಆರ್ ಎಂಬ ರೋಗ ಹಿಂಡಿಗೆ ಹಿಂಡನ್ನೇ ಮಲಗಿಸುತ್ತದೆ. ಅದಕ್ಕೆ ಲಸಿಕೆ ಇದೆ. ಆದರೆ ಲಸಿಕೆ ತಂಡ ಕುರಿಗಾಹಿಗಳ ಊರಿಗೆ ಹೋದಾಗ ಅವರು ನಮ್ಮೂರಿನಲ್ಲಿ ಇರುತ್ತಾರೆ, ನಮ್ಮೂರಿಗೆ ಬಂದಾಗ ‘ಇವು ಹೊರಗಿನ ಕುರಿ’ ಎಂಬ ಉತ್ತರ. ರೋಗಕ್ಕೆ ತಾಲ್ಲೂಕು ಗೊತ್ತಿಲ್ಲ. ನಮ್ಮ ಆಡು, ನಮ್ಮ ಕುರಿಗಳೂ ಅದೇ ಕೆರೆಯ ನೀರು ಕುಡಿಯುತ್ತವೆ. ಅನುಗ್ರಹ ಯೋಜನೆಯಲ್ಲಿ ಸತ್ತ ಕುರಿಗೆ ಪರಿಹಾರ ಇದೆ. ಅದಕ್ಕೆ ಪಶುವೈದ್ಯರು ಸತ್ತ ಕುರಿಯ ಪರೀಕ್ಷೆ ಮಾಡಿ ಬರೆದುಕೊಡಬೇಕು. ಹಿಂಡು ನಡುಬಯಲಿನಲ್ಲಿರುವಾಗ ಸತ್ತ ಕುರಿಯನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋಗುವವರು ಯಾರು, ಉಳಿದವನ್ನು ಕಾಯುವವರು ಯಾರು? ಹಿಂಡುಗಳು ಇರುವ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ಸಂಚಾರಿ ಪಶುಚಿಕಿತ್ಸಾ ವಾಹನ ಈ ಬಯಲಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಪತ್ರ ಉದ್ದವಾಯಿತು. ಕತ್ತರಿಸಲೇಬೇಕಾದರೆ ಯಂತ್ರ, ಕಂಬಳಿಯ ಮಾತುಗಳನ್ನು ಕತ್ತರಿಸಿ, ಕೆರೆಯಂಗಳದ ಮಾತು ಉಳಿಸಿ. ನಮ್ಮ ಪಂಚಾಯಿತಿಗೆ ಇದೇ ಬೇಡಿಕೆಯ ಅರ್ಜಿಯನ್ನು ನಾವು ಕೆಲವು ಮನೆಯವರು ಸಹಿ ಮಾಡಿ ಕೊಟ್ಟಿದ್ದೇವೆ. ಸ್ವೀಕೃತಿಯ ಮೊಹರು ಸಿಕ್ಕಿದೆ, ಉತ್ತರ ಸಿಕ್ಕಿಲ್ಲ. ಸಸಿ ಕಳೆದುಕೊಂಡ ಆ ರೈತರೂ ಸಹಿ ಹಾಕುವುದಾದರೆ ಅರ್ಜಿಯ ಪ್ರತಿ ನನ್ನ ಬಳಿ ಇದೆ. ನಷ್ಟ ಕಟ್ಟಿಸುವ ಮಾತನ್ನು ಅವರೇ ತಮಗೆ ಬೇಕಾದಷ್ಟು ಖಡಕ್ಕಾಗಿ ಬರೆದು ಸೇರಿಸಲಿ.

ಇತಿ,
ಓರ್ವ ರೈತ ಮಹಿಳೆ
ಬನವಾಸಿ ಹೋಬಳಿ, ಶಿರಸಿ ತಾಲ್ಲೂಕು